ಸ್ಯಾಂಕಿ ಕೆರೆ ಉದ್ಯಾನದ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಮಲ್ಲೇಶ್ವರ, ಸದಾಶಿವನಗರ, ವೈಯಾಲಿಕಾವಲ್ ಕಡೆಯವರಿಗೆ ಸ್ಯಾಂಕಿ ಕೆರೆ ಅಂದರೆ ಬೆಳಗಿನ ವಾಕಿಂಗ್, ಸಂಜೆಯ ಗಾಳಿ, ಮಕ್ಕಳ ಓಡಾಟ. ಕೆಲವು ವರ್ಷಕ್ಕೊಮ್ಮೆ "ಕೆರೆ ಅಭಿವೃದ್ಧಿ" ಅನ್ನುವ ಮಾತು ಬಂದೇ ಬರುತ್ತದೆ. ಬಂದಾಗಲೆಲ್ಲ ಗೇಟಿನ ಹತ್ತಿರ ಅವೇ ಪ್ರಶ್ನೆಗಳು ಕೇಳಿಬರುತ್ತವೆ. ನೆರೆಹೊರೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯೋಜನೆ ಯಾರೇ ತರಲಿ, ಯಾವ ವರ್ಷವೇ ತರಲಿ, ಸಭೆಗೆ ಹೋಗುವ ಮುಂಚೆ ಇದನ್ನು ಓದಿಕೊಂಡು ಹೋದರೆ ಅನುಕೂಲ.

ಇದು ಕೆರೆಯೋ, ಪಾರ್ಕೋ?

ಕೆರೆ. ಪಾರ್ಕು ಆಮೇಲೆ ಬಂದದ್ದು.

ಸುಮಾರು 37 ಎಕರೆಯ ಈ ಜಾಗದಲ್ಲಿ ನಮ್ಮ ಕಣ್ಣಿಗೆ ಮೊದಲು ಬೀಳುವುದು ನಡೆಯುವ ದಾರಿ, ಬೆಂಚು, ಗಿಡಗಳು. ಆದರೆ ಆ ದಾರಿಯ ಒಂದು ಭಾಗ ಕೆರೆ ಏರಿಯ ಮೇಲೆಯೇ ಇದೆ. ನಾವು ನಡೆಯುತ್ತಿರುವುದು ನೀರನ್ನು ತಡೆದು ನಿಲ್ಲಿಸಿದ ಕಟ್ಟೆಯ ಮೇಲೆ. ಹಾಗಾಗಿ ಯಾವ ಹೊಸ ಕೆಲಸದ ಮಾತು ಬಂದರೂ ಎರಡು ವಿಷಯ ಮೊದಲು ಕೇಳಬೇಕು. ಇದರಿಂದ ನೀರಿಗೆ ಏನಾಗುತ್ತದೆ? ಏರಿಗೆ ಏನಾಗುತ್ತದೆ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲೆ ಬಣ್ಣ, ಲೈಟು, ಆಟದ ಸಾಮಾನಿನ ಮಾತಾಡಬಹುದು. ಕೆಳಗಿನ ಎಲ್ಲ ಉತ್ತರಗಳೂ ಈ ಮಾತಿನ ಮೇಲೇ ನಿಂತಿವೆ.

ಕೆರೆ ಎಷ್ಟು ಹಳೆಯದು? ಕಟ್ಟಿದ್ದು ಯಾಕೆ?

1882ರಲ್ಲಿ ಕಟ್ಟಿದ ಕೆರೆ. ಹೆಸರು ಬಂದದ್ದು ಕರ್ನಲ್ ರಿಚರ್ಡ್ ಸ್ಯಾಂಕಿ ಅವರಿಂದ. ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು. ಕಬ್ಬನ್ ಪಾರ್ಕ್ 1870ರಲ್ಲಿ ಆದದ್ದು ಅವರ ಕಾಲದಲ್ಲೇ. ಇವತ್ತು ಹೈಕೋರ್ಟ್ ಇರುವ ಅಠಾರಾ ಕಚೇರಿಯ ಹಿಂದೆಯೂ ಅವರ ಕೆಲಸ ಇದೆ. ಹತ್ತಿರದಲ್ಲಿ ಸರ್ಕಾರದ ಗಂಧದ ಕೋಠಿ (ಶ್ರೀಗಂಧದ ಡಿಪೋ) ಇದ್ದದ್ದರಿಂದ ಹಳಬರು ಇದನ್ನು ಗಂಧದಕೋಠಿ ಕೆರೆ ಅಂತಲೂ ಕರೆಯುತ್ತಿದ್ದರು.

ಕಾಲವನ್ನು ಗಮನಿಸಿ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಭೀಕರ ಬರ ಕಾಡಿತ್ತು. ಲಕ್ಷಾಂತರ ಜನ ಸತ್ತರು. ಅದಾದ ನಾಲ್ಕೇ ವರ್ಷಕ್ಕೆ ಈ ಕೆರೆ ಆಯಿತು. ಆಗ ಬೆಂಗಳೂರಿಗೆ ನದಿ ನೀರು ಬರುತ್ತಿರಲಿಲ್ಲ. ಹೆಸರಘಟ್ಟದಿಂದ ಅರ್ಕಾವತಿ ನೀರು ಬಂದದ್ದು 1896ರಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿ 1974ರಲ್ಲಿ. ಇವೆಲ್ಲಕ್ಕೂ ಮುಂಚೆ ಊರು ಬದುಕಿದ್ದು ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಥರದ ಕೆರೆಗಳು, ಕಲ್ಯಾಣಿಗಳು ಮತ್ತು ಬಾವಿಗಳಿಂದ. ಸ್ಯಾಂಕಿ ಕೆರೆಯನ್ನು ಮಿಲ್ಲರ್ಸ್ ಕೆರೆ ಮತ್ತು ಧರ್ಮಾಂಬುಧಿಯ ಜೊತೆ ಜೋಡಿಸಿದ್ದರು.

ಆ ಸರಣಿಯಲ್ಲಿ ಉಳಿದದ್ದು ಏನು ಅಂತ ನೋಡಿ. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ, ಕರಗಕ್ಕೆ ಬೇಕಾದ ಸಣ್ಣ ಕೊಳ ಮಾತ್ರ ಉಳಿದಿದೆ. ಮಿಲ್ಲರ್ಸ್ ಕೆರೆ ಈಗ ರಸ್ತೆಯ ಹೆಸರಿನಲ್ಲಷ್ಟೇ ಇದೆ. ಸ್ಯಾಂಕಿಯಲ್ಲಿ ಇವತ್ತಿಗೂ ನೀರು ನಿಂತಿದೆ. ಇದನ್ನು ಕಾಪಾಡುವ ವಿಷಯದಲ್ಲಿ ಸ್ವಲ್ಪ ಹಟ ಬೇಕು ಅನ್ನುವುದು ಅದಕ್ಕೇ.

ಸರಿ, ಮೊದಲು ಏನು ಮಾಡಬೇಕು?

ನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ಪತ್ತೆ ಮಾಡಬೇಕು. ಕೆರೆಯ ಸುತ್ತ ಎತ್ತರದಲ್ಲಿರುವ ಬಡಾವಣೆಗಳ ಮಳೆ ನೀರು ಮೋರಿಗಳಲ್ಲಿ ಇಳಿದು ಬರುತ್ತದೆ. ಒಂದೊಂದು ಮೋರಿಯ ಬಾಯನ್ನೂ ನಕ್ಷೆಯಲ್ಲಿ ಗುರುತಿಸಬೇಕು. ನಂಬರ್ ಕೊಡಬೇಕು. ಮಳೆ ಇಲ್ಲದ ದಿನ ಹೋಗಿ ನೋಡಬೇಕು.

ಮಳೆ ಇಲ್ಲದ ದಿನವೂ ಮೋರಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆ ನೀರಲ್ಲ ಅಲ್ವಾ? ಎಲ್ಲೋ ಮೇಲೆ ಒಂದು ಒಳಚರಂಡಿ ಪೈಪು ಒಡೆದಿದೆ, ಅಥವಾ ಯಾರೋ ಮನೆಯ ಬಚ್ಚಲ ಪೈಪನ್ನು ಮಳೆ ಮೋರಿಗೆ ಜೋಡಿಸಿದ್ದಾರೆ. ಮೂಗಿಗೂ ಗೊತ್ತಾಗುತ್ತದೆ. ಮೋರಿಯ ಬಾಯಲ್ಲಿ ಬೂದು ಬಣ್ಣದ ಲೋಳೆ ಕಲ್ಲಿಗೆ ಅಂಟಿಕೊಂಡಿರುತ್ತದೆ. ಸೋಪಿನ ನೊರೆ ಮೂಲೆಯಲ್ಲಿ ತಿರುಗುತ್ತಿರುತ್ತದೆ. ಇದನ್ನು ಸರಿಮಾಡುವುದು ಜಲಮಂಡಳಿಯ ಕೆಲಸ. ಪಾರ್ಕಿನ ಬಜೆಟ್ಟಿನಲ್ಲಿ ಇದಕ್ಕೆ ಹಣ ಇರುವುದಿಲ್ಲ. ಹಾಗಾಗಿಯೇ ಇದು ಪ್ರತಿ ಸಲ ಬಿಟ್ಟುಹೋಗುತ್ತದೆ. ದಡದಲ್ಲಿ ಕಾಮಗಾರಿ ಮುಗಿದು ಉದ್ಘಾಟನೆಯೂ ಆಗುತ್ತದೆ, ಮೋರಿಯಲ್ಲಿ ಮಾತ್ರ ಅದೇ ನೀರು ಬರುತ್ತಿರುತ್ತದೆ.

ಮಳೆಗಾಲದ ಮೊದಲ ಜೋರು ಮಳೆ ಇನ್ನೊಂದು ತೊಂದರೆ ತರುತ್ತದೆ. ರಸ್ತೆಯ ಎಣ್ಣೆ, ಧೂಳು, ಪ್ಲಾಸ್ಟಿಕ್, ನಾಯಿಗಳ ಹೊಲಸು ಎಲ್ಲ ಒಟ್ಟಿಗೆ ಒಳಗೆ ಬರುತ್ತವೆ. ಅದಕ್ಕೆ ಒಳಹರಿವಿನ ಬಾಯಲ್ಲಿ ಕಸ ತಡೆಯುವ ಜಾಲರಿ, ಹಿಂದೆ ಹೂಳು ಕೂರುವ ಸಣ್ಣ ತೊಟ್ಟಿ, ಅದಾದ ಮೇಲೆ ಜೊಂಡು ಬೆಳೆದ ಒಂದು ಜೌಗು ಪಟ್ಟಿ ಬೇಕು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ಜೌಗು ಪ್ರದೇಶದ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ನಮ್ಮಲ್ಲಿ ಅಷ್ಟು ಜಾಗ ಇಲ್ಲ, ಆದರೆ ಚಿಕ್ಕದಾಗಿ ಮಾಡಬಹುದು.

ನೀರು ಹಸಿರು ಬಣ್ಣಕ್ಕೆ ತಿರುಗುವುದು ಯಾಕೆ? ಫೌಂಟನ್ ಹಾಕಿದರೆ ಸರಿಹೋಗುತ್ತದಾ?

ಕೊಳಚೆಯಲ್ಲಿ, ಸೋಪಿನ ಪುಡಿಯಲ್ಲಿ ಇರುವ ರಂಜಕ ಮತ್ತು ಸಾರಜನಕ ಪಾಚಿಗೆ ಗೊಬ್ಬರ. ಗೊಬ್ಬರ ಜಾಸ್ತಿ ಆದರೆ ಪಾಚಿ ಜಾಸ್ತಿ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಉಸಿರಿಗೆ ಬೇಕಾದಷ್ಟು ಉಳಿದಿರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು, ಸತ್ತು ತೇಲುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದದ್ದು ಅನೇಕರಿಗೆ ನೆನಪಿರಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರಿನ ಪರೀಕ್ಷೆಗೆ ಮಧ್ಯಾಹ್ನ ಸ್ಯಾಂಪಲ್ ತೆಗೆದರೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ಸೂರ್ಯ ಹುಟ್ಟುವ ಮೊದಲು ತೆಗೆದರೆ ನಿಜ ಗೊತ್ತಾಗುತ್ತದೆ. ವರದಿ ಕೈಗೆ ಸಿಕ್ಕರೆ ಮೊದಲು ಸ್ಯಾಂಪಲ್ ತೆಗೆದ ಸಮಯ ನೋಡಿ. ಆಮೇಲೆ ದರ್ಜೆ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಎ ಇಂದ ಇ ವರೆಗೆ ದರ್ಜೆಗಳಿವೆ. ಮೀನು, ಹಕ್ಕಿಗಳು ಬದುಕಲು ಬೇಕಾದದ್ದು ಡಿ. ಅದಕ್ಕೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳುವ ಬಿ ದರ್ಜೆಗೆ 5 ಮಿಲಿಗ್ರಾಂ ಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳ ದರ್ಜೆಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ.

ಫೌಂಟನ್ ಅಥವಾ ಗಾಳಿ ಊದುವ ಯಂತ್ರ ಕಷ್ಟದ ದಿನಗಳಲ್ಲಿ ಮೀನಿಗೆ ಸ್ವಲ್ಪ ಉಸಿರು ಕೊಡುತ್ತದೆ. ಕೊಳಚೆ ನಿಲ್ಲಿಸುವುದಿಲ್ಲ. ಫೌಂಟನ್ನಿಗೆ ಹಣ ಇದೆ, ಮೋರಿ ರಿಪೇರಿಗೆ ಇಲ್ಲ ಅಂದರೆ ಒಪ್ಪಬೇಡಿ.

ನೀರಿಗೆ ಬ್ರೆಡ್ಡು, ಪುರಿ ಹಾಕುವುದು ಪುಣ್ಯದ ಕೆಲಸ ಅಲ್ವಾ?

ಮನಸ್ಸು ಒಳ್ಳೆಯದೇ. ಆದರೆ ತಿನ್ನದೆ ಉಳಿದದ್ದು ಕೊಳೆತು ಪಾಚಿಗೆ ಹೋಗುತ್ತದೆ. ದಯವಿಟ್ಟು ಬೇಡ.

ಹೂಳು ತೆಗೆಸಿದರೆ ಕೆರೆ ಹೊಸದಾಗುತ್ತದಾ?

ಹೂಳು ತೆಗೆಯುವುದು ಬೇಕಾದ ಕೆಲಸವೇ. ಹಿಂದೆ ಊರುಗಳಲ್ಲಿ ಬೇಸಿಗೆಗೆ ಕೆರೆ ಗೋಡು ಎತ್ತಿ ಹೊಲಕ್ಕೆ ಹಾಕುತ್ತಿದ್ದರು. ಆದರೆ ಜೆಸಿಬಿ ಇಳಿಸಿ ಒಂದೇ ಆಳಕ್ಕೆ ಬಗೆದು ಸುತ್ತ ಕಡಿದಾದ ಅಂಚು ಬಿಟ್ಟರೆ ಅದು ತೊಟ್ಟಿ ಆಗುತ್ತದೆ, ಕೆರೆ ಉಳಿಯುವುದಿಲ್ಲ. ಬೆಳ್ಳಕ್ಕಿ, ಬಕ ನಿಲ್ಲುವುದು ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ. ಮೀನು ಮೊಟ್ಟೆ ಇಡುವುದು ಅಂಚಿನ ಜೊಂಡಿನಲ್ಲಿ. ಆ ಅಂಚು ನಿಧಾನವಾಗಿ ಇಳಿಜಾರಾಗಿರಬೇಕು. ಕೆಲವು ಕಡೆ ಆಳ, ಕೆಲವು ಕಡೆ ತೆಳು ನೀರು ಇರಬೇಕು.

ಇನ್ನೂ ಎರಡು ಪ್ರಶ್ನೆ ಕೇಳಿ. ತೆಗೆದ ಹೂಳನ್ನು ಎಲ್ಲಿ ಹಾಕುತ್ತೀರಿ? ಏರಿಯ ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯುತ್ತೀರಿ? ನಗರದ ಕೆರೆಯ ಹೂಳಿನಲ್ಲಿ ಸೀಸ, ಸತು ಥರದ ಲೋಹಗಳಿರಬಹುದು. ಪರೀಕ್ಷೆ ಮಾಡಿಸದೆ ಅದನ್ನು ತೋಟಕ್ಕೆ ಕೊಡಬಾರದು. ಏರಿಯ ಬುಡಕ್ಕೆ ಹತ್ತಿರ ಅಗೆದರೆ ಏರಿಯೇ ಕುಸಿಯುವ ಅಪಾಯ ಇದೆ.

ಏರಿಯ ಕಲ್ಲುಕಟ್ಟಡ ಹಳೆಯದಾಗಿದೆ. ಸಿಮೆಂಟ್ ಹಾಕಿ ಮುಚ್ಚಿದರೆ ಗಟ್ಟಿ ಆಗುವುದಿಲ್ಲವೇ?

ಗಟ್ಟಿಯಾದ ಹಾಗೆ ಕಾಣುತ್ತದೆ ಅಷ್ಟೇ. ಏರಿ ಒಳಗಿಂದ ಮಣ್ಣು, ನೀರಿನ ಕಡೆಗೆ ಕಲ್ಲಿನ ಹೊದಿಕೆ. ಮಣ್ಣಿನಲ್ಲಿ ತೇವ ಏರುತ್ತದೆ, ಇಳಿಯುತ್ತದೆ. ಕಲ್ಲುಗಳ ಸಂದಿಯಿಂದ ಆ ನೀರು ಹೊರಗೆ ಬರಲು ದಾರಿ ಬೇಕು. ಸಿಮೆಂಟಿನಿಂದ ಪೂರ್ತಿ ಮುಚ್ಚಿದರೆ ನೀರು ಹಿಂದೆಯೇ ನಿಂತು ಒತ್ತುತ್ತದೆ. ಕೆಲವೇ ಮಳೆಗಾಲದಲ್ಲಿ ಗೋಡೆ ಉಬ್ಬುತ್ತದೆ.

ಹತ್ತೊಂಬತ್ತನೇ ಶತಮಾನದ ಕಲ್ಲು ಕೆಲಸಕ್ಕೆ ಸುಣ್ಣದ ಗಾರೆ ಬಳಸುತ್ತಿದ್ದರು. ಹಳೆಯ ಗಾರೆ ಉಳಿದಿರುವ ಕಡೆ ಅದೇ ಸುಣ್ಣದ ಗಾರೆಯಲ್ಲಿ ತೇಪೆ ಹಾಕಬೇಕು. ಸಿಮೆಂಟು ಗಾರೆಗಿಂತ ಬಿಗಿ. ಅದು ಬಿರುಕು ಬಿಡುವಾಗ ಪಕ್ಕದ ಕಲ್ಲಿನ ಅಂಚನ್ನೂ ಒಡೆದುಕೊಂಡು ಬರುತ್ತದೆ. ಬಿದ್ದ ಕಲ್ಲನ್ನು ಎಸೆಯದೆ ಅದೇ ಜಾಗದಲ್ಲಿ ಕೂರಿಸಬೇಕು. ಹೊಸದು ಬೇಕೇಬೇಕಾದರೆ ಕೈಯಲ್ಲಿ ಕೆತ್ತಿದ ಸೈಜುಕಲ್ಲು ತರಿಸಿ. ಪಾಲಿಷ್ ಮಾಡಿದ ಗ್ರಾನೈಟು ಏರಿಗೆ ಬೇಡ. ಮಳೆಯಲ್ಲಿ ಜಾರುತ್ತದೆ, ನೋಡಲೂ ಒಪ್ಪುವುದಿಲ್ಲ.

ನಡೆಯುವಾಗ ಕಲ್ಲಿನ ಸಂದಿ ಗಮನಿಸಿ. ಅರಳಿ ಸಸಿಗಳು ಎಷ್ಟು ಚೆನ್ನಾಗಿ ಚಿಗುರಿರುತ್ತವೆ! ಬೆರಳುದ್ದ ಇದ್ದಾಗ ಕೈಯಲ್ಲೇ ಬೇರು ಸಮೇತ ಕೀಳಬಹುದು. ಎರಡು ವರ್ಷ ಬಿಟ್ಟರೆ ಬೇರು ಕಲ್ಲಿನ ಹಿಂದೆ ಹೋಗಿ ದಪ್ಪ ಆಗುತ್ತದೆ. ಆಮೇಲೆ ಕಿತ್ತರೆ ಕಲ್ಲೇ ಕಳಚುತ್ತದೆ, ಬಿಟ್ಟರೆ ಇನ್ನಷ್ಟು ಅಗಲಿಸುತ್ತದೆ. ಹಿಂದೆ ಹಳ್ಳಿಯ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು (ಕೆರೆಯಿಂದ ನೀರು ಬಿಡುವ ಬಾಯಿ) ನೋಡಿಕೊಳ್ಳುವುದು, ಏರಿಯ ಮೇಲಿನ ಇಲಿ ಬಿಲ ಮುಚ್ಚುವುದು, ಕೋಡಿಯಲ್ಲಿ (ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಜಾಗ) ಸಿಕ್ಕಿಕೊಂಡ ಕಸ ಬಿಡಿಸುವುದು ಅವನ ಕೆಲಸ. ಸ್ಯಾಂಕಿಯಂಥ ಕೆರೆಗೂ ಒಬ್ಬ ಖಾಯಂ ನೀರುಗಂಟಿ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೋಟಿಗಟ್ಟಲೆ ಯೋಜನೆಯಲ್ಲಿ ಆ ಒಂದು ಸಂಬಳ ಭಾರವಲ್ಲ.

ವಾಕಿಂಗ್ ಪಾಥ್‌ಗೆ ಹೊಸ ಟೈಲ್ಸ್ ಬೇಡವೇ?

ಒಡೆದ ಕಡೆ ಸರಿಮಾಡಲಿ. ಪೂರ್ತಿ ಕಿತ್ತು ಹೊಸದು ಹಾಕುವುದು ಬಹಳ ಸಲ ಬಿಲ್ಲಿಗಾಗಿ ನಡೆಯುವ ಕೆಲಸ. ಮಣ್ಣು ಮತ್ತು ಜಲ್ಲಿ ಗಟ್ಟಿಸಿದ ದಾರಿ ಮಂಡಿಗೆ ಹಿತ, ಮಳೆ ನೀರೂ ಇಂಗುತ್ತದೆ. ಆದರೆ ಗಾಲಿಕುರ್ಚಿ, ಊರುಗೋಲು ಬಳಸುವವರಿಗೆ ಸಮತಟ್ಟಾದ ಗಟ್ಟಿ ದಾರಿಯೂ ಒಂದು ಬೇಕು. ಎರಡೂ ಪಕ್ಕಪಕ್ಕದಲ್ಲಿ ಇರಬಹುದು. ಮರದ ಬುಡಕ್ಕೆ ಮಾತ್ರ ಕಾಂಕ್ರೀಟ್ ಬರಲೇಬಾರದು. ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಬೇಕು.

ರಾತ್ರಿ ಕತ್ತಲು. ಲೈಟು ಜಾಸ್ತಿ ಮಾಡಿದರೆ ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲವೇ?

ಒಳ್ಳೆಯದೇ, ದಾರಿಗೆ ಲೈಟು ಬೇಕೇಬೇಕು. ಗೇಟು, ಶೌಚಾಲಯ, ತಿರುವುಗಳಲ್ಲಿ ಕತ್ತಲು ಇರಬಾರದು. ಬೇಡದ್ದು ನೀರಿನ ಮೇಲೆ, ಮರದ ಕೊಂಬೆಗಳ ಮೇಲೆ ಬೀಳುವ ಬಣ್ಣದ ಲೈಟು. ಸಂಜೆ ಹೊತ್ತು ನೀರುಕಾಗೆ, ಬೆಳ್ಳಕ್ಕಿ ಮರಕ್ಕೆ ಬಂದು ಕೂರುತ್ತವೆ. ಬಾವಲಿಗಳು ಹೊರಡುತ್ತವೆ. ಅವಕ್ಕೆ ರಾತ್ರಿ ರಾತ್ರಿಯೇ ಆಗಿರಬೇಕು. ಕಡಿಮೆ ಎತ್ತರದ ಕಂಬ, ಕೆಳಮುಖದ ಬೆಳಕು, ಮೇಲೆ ಮುಚ್ಚಳ, 3000 ಕೆಲ್ವಿನ್‌ಗಿಂತ ಹೆಚ್ಚಿಲ್ಲದ ಹಳದಿ ಛಾಯೆ ಅಂತ ಎಸ್ಟಿಮೇಟಿನಲ್ಲಿ ಬರೆಸಿ. ಅದನ್ನು ಬರೆಸದಿದ್ದರೆ ಕಣ್ಣು ಕುಕ್ಕುವ ಬಿಳಿ ಲೈಟು ಬಂದು ಕೂರುತ್ತದೆ.

ಮರ ಕಡಿಯುವ ಪ್ರಸ್ತಾಪ ಬಂದರೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು. ಇಲ್ಲಿ ಎಚ್ಚರ ಬೇಕು. ಒಂದೇ ಯೋಜನೆಯನ್ನು ತುಂಡು ಮಾಡಿ ಒಂದೊಂದು ತುಂಡಿನಲ್ಲಿ 50ಕ್ಕಿಂತ ಕಡಿಮೆ ಮರ ತೋರಿಸಿದ್ದಾರಾ ನೋಡಿ. ಇಡೀ ಯೋಜನೆಯ ಮರಗಳ ಲೆಕ್ಕವನ್ನು ಒಂದೇ ಕಾಗದದಲ್ಲಿ ಕೇಳಿ.

2023ರ ಆರಂಭದಲ್ಲಿ ಸ್ಯಾಂಕಿ ರಸ್ತೆಯ ಮೇಲ್ಸೇತುವೆ ಯೋಜನೆ ಬಂದಾಗ ನೆರೆಹೊರೆಯವರು, ವಿದ್ಯಾರ್ಥಿಗಳು, ವಯಸ್ಸಾದವರು ಬೀದಿಗಿಳಿದರು. ರಸ್ತೆ ಬದಿಯ ದೊಡ್ಡ ಮರಗಳ ಪ್ರಶ್ನೆ ಅದು. ಆ ಮರಗಳು ಕೆರೆಗೂ ರಸ್ತೆಗೂ ನಡುವಿನ ಗೋಡೆ. ಹೊಗೆ, ಧೂಳು, ಹಾರ್ನಿನ ಸದ್ದನ್ನು ಅವೇ ತಡೆಯುವುದು. ಒಂದು ದೊಡ್ಡ ಮರಕ್ಕೆ ಹತ್ತು ಸಸಿ ನೆಡುತ್ತೇವೆ ಅನ್ನುವ ಲೆಕ್ಕ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಸಸಿ ನೆರಳು ಕೊಡುವ ಹೊತ್ತಿಗೆ ಇವತ್ತಿನ ಮಕ್ಕಳಿಗೆ ನಡುವಯಸ್ಸು.

ಹೊಸದಾಗಿ ನೆಡುವುದಾದರೆ ಹೊಂಗೆ, ನೇರಳೆ, ಮತ್ತಿ, ಬಸರಿ ಆರಿಸಿ. ಮಣ್ಣಿನ ಏರಿಯ ಮೇಲೆ ಮಾತ್ರ ದೊಡ್ಡ ಮರ ಹೊಸದಾಗಿ ನೆಡಬಾರದು. ಮರ ಸತ್ತು ಬೇರು ಕೊಳೆತರೆ ಆ ಟೊಳ್ಳಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಗೆ ಹುಲ್ಲು ಸಾಕು.

ಕೆರೆಯಿಂದ ಎಷ್ಟು ದೂರದವರೆಗೆ ಕಟ್ಟಡ ಕಟ್ಟಬಾರದು?

ಈ ಸಂಖ್ಯೆ ಹಲವು ಸಲ ಬದಲಾಗಿ ಜನರಿಗೆ ಗೊಂದಲ ಆಗಿದೆ. 2015ರ ಪರಿಷ್ಕೃತ ನಗರ ಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಗಾತ್ರದ ಮೇಲೆ 50, 25, 15 ಮೀಟರ್ ಅಂತ ಇತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂತ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಹಳೆಯ ಲೆಕ್ಕಕ್ಕೇ ಮರಳಿಸಿತು. ಕೆರೆ ಸಂರಕ್ಷಣೆಗಾಗಿ 2014ರ ಕಾಯ್ದೆ ಬಂದಾಗ ಅದರಲ್ಲೂ 30 ಮೀಟರಿನ ನಿರ್ಬಂಧ ಇತ್ತು. ಈ ದೂರವನ್ನು ಕಡಿಮೆ ಮಾಡುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಸಭೆಯ ದಿನ ಜಾರಿಯಲ್ಲಿರುವ ನಿಯಮ ಯಾವುದು ಅಂತ ಅಧಿಕಾರಿಯನ್ನೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

ಒಂದು ಕೆಫೆ, ಬಯಲು ರಂಗಮಂದಿರ, ಸಂಗೀತ ಕಾರಂಜಿ ಬಂದರೆ ಜನ ಬರುತ್ತಾರಲ್ಲ?

ಜನ ಈಗಲೇ ಬರುತ್ತಿದ್ದಾರೆ. ಸಂಗೀತಕ್ಕೆ ಕೂಗಳತೆಯಲ್ಲೇ ಚೌಡಯ್ಯ ಸ್ಮಾರಕ ಭವನ ಇದೆ. ತಿಂಡಿಗೆ ಮಲ್ಲೇಶ್ವರಕ್ಕಿಂತ ಒಳ್ಳೆಯ ಜಾಗ ಬೇಕೇ? ಕೆರೆಯ ಪಕ್ಕದಲ್ಲಿ ಸಿಗುವ ಮೌನ, ಬಯಲು, ಗಾಳಿ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಕಳೆದುಕೊಂಡು ಬೇರೆ ಕಡೆ ಸಿಗುವುದನ್ನು ಇಲ್ಲಿ ತರುವುದು ನಷ್ಟದ ವ್ಯಾಪಾರ. ಅಡುಗೆಮನೆ ಬಂದರೆ ಎಣ್ಣೆ, ಮುಸುರೆ ನೀರು, ಇಲಿ ಎಲ್ಲ ಹಿಂದೆಯೇ ಬರುತ್ತವೆ.

ಗಣೇಶ ವಿಸರ್ಜನೆ ನಿಲ್ಲಿಸುತ್ತಾರಾ?

ಇಲ್ಲ. ವಿಸರ್ಜನೆಗೆ ಇಲ್ಲಿ ಪ್ರತ್ಯೇಕ ಕಲ್ಯಾಣಿ ಇದೆ. ಅದು ಒಳ್ಳೆಯ ವ್ಯವಸ್ಥೆ, ಮುಂದುವರಿಯಬೇಕು. ಯೋಜನೆಯಲ್ಲಿ ಕೇಳಬೇಕಾದದ್ದು ಹಬ್ಬದ ಮಾರನೆಯ ದಿನಗಳ ವಿಚಾರ. ಕಲ್ಯಾಣಿಯ ನೀರನ್ನು ಎಲ್ಲಿಗೆ ಬಿಡುತ್ತಾರೆ? ಮಣ್ಣು, ಹೂವು, ಬಾಳೆಕಂದು, ಥರ್ಮೋಕೋಲ್ ಬೇರೆ ಬೇರೆ ಮಾಡುವವರು ಯಾರು? ಆ ಪೌರಕಾರ್ಮಿಕರಿಗೆ ಕೈಗವಸು, ಬೂಟು, ಹೆಚ್ಚುವರಿ ದಿನದ ಕೂಲಿ ಇದೆಯಾ? ಬಣ್ಣ ಹಾಕದ ಮಣ್ಣಿನ ಮೂರ್ತಿ ತಂದರೆ ಅವರ ಕೆಲಸ ಅರ್ಧ ಹಗುರ.

ವಯಸ್ಸಾದವರಿಗೆ, ಅಂಗವಿಕಲರಿಗೆ ಏನು ಬೇಕು?

ದೊಡ್ಡ ಖರ್ಚಿನದ್ದು ಏನೂ ಬೇಡ. ಗೇಟಿನಲ್ಲಿ ಬೈಕು ತಡೆಯಲು ಹಾಕುವ ಕಬ್ಬಿಣದ ಅಡ್ಡಪಟ್ಟಿ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಒಂದು ಕಡೆಯಾದರೂ 90 ಸೆಂಟಿಮೀಟರ್ ದಾರಿ ಬಿಡಬೇಕು. ರ‍್ಯಾಂಪು 12 ಅಡಿಗೆ ಒಂದು ಅಡಿಗಿಂತ ಜಾಸ್ತಿ ಏರಬಾರದು, ಎರಡೂ ಕಡೆ ಹಿಡಿಯಲು ಕಂಬಿ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಅನ್ನುತ್ತದೆ.

ಬೆಂಚಿನ ವಿಷಯ ಚಿಕ್ಕದು ಅನ್ನಿಸಬಹುದು. ನಮ್ಮ ಪಾರ್ಕುಗಳಲ್ಲಿ ಒರಗು ಇಲ್ಲದ ಕಲ್ಲು ಚಪ್ಪಡಿ ಬೆಂಚು ಬಹಳ. ಎಂಬತ್ತರ ಅಜ್ಜಿ ಅದರ ಮೇಲೆ ಕೂರಬಹುದು, ಏಳಲು ಆಗುವುದಿಲ್ಲ. ಎರಡೂ ಅಂಗೈ ಊರಿ ದೇಹ ಮೇಲೆತ್ತಲು ಪಕ್ಕದಲ್ಲಿ ಕೈಪಟ್ಟಿ ಬೇಕು. ಒರಗು ಮತ್ತು ಕೈಪಟ್ಟಿ ಇರುವ ಬೆಂಚು ಸ್ವಲ್ಪ ದೂರಕ್ಕೊಂದು, ನೆರಳಿನಲ್ಲಿ ಇದ್ದರೆ ಈಗ ಮನೆಯಲ್ಲೇ ಉಳಿದಿರುವ ಎಷ್ಟೋ ಜನ ಹೊರಗೆ ಬರುತ್ತಾರೆ.

ಶೌಚಾಲಯ ಕಟ್ಟುವುದಕ್ಕಿಂತ ತೆರೆದಿಡುವುದು ಕಷ್ಟ. ನೀರು, ಬೋಲ್ಟು, ಲೈಟು, ದಿನಕ್ಕೆ ಎಷ್ಟು ಸಲ ತೊಳೆಯುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಎಲ್ಲ ನಿರ್ವಹಣೆಯ ಕರಾರಿನಲ್ಲಿ ಬರೆದಿರಬೇಕು.

ಗೇಟಿನ ಹತ್ತಿರದ ತಳ್ಳುಗಾಡಿಯವರನ್ನು ಎಬ್ಬಿಸಬೇಕೇ?

ಬೇಡ. ಎಳನೀರು, ಕಡಲೆಕಾಯಿ, ಮುಸುಕಿನ ಜೋಳ ಮಾರುವವರು ಇದ್ದರೆ ಸಂಜೆ ಗೇಟಿನ ಹತ್ತಿರ ಹೆಣ್ಣುಮಕ್ಕಳಿಗೆ ಧೈರ್ಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ. ಫುಟ್‌ಪಾತ್ ಬಿಟ್ಟು ನಿಲ್ಲಲು ಗುರುತು ಮಾಡಿದ ಜಾಗ, ಒಂದು ನಲ್ಲಿ, ಕಸದ ಡಬ್ಬಿ ಕೊಟ್ಟರೆ ಸಾಕು.

ಯಾವುದಾದರೂ ಕಂಪನಿಗೆ ವಹಿಸಿದರೆ ಚೆನ್ನಾಗಿ ನೋಡಿಕೊಳ್ಳುವುದಿಲ್ಲವೇ?

ಹಣ ಕೊಡಲಿ, ಬೋರ್ಡಿನಲ್ಲಿ ಹೆಸರೂ ಬರಲಿ. ಕೆರೆಯನ್ನು ವಹಿಸಿಕೊಡುವುದು ಬೇರೆ ಮಾತು. ಎರಡು ಸಾವಿರದ ದಶಕದಲ್ಲಿ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಹೊರಟಾಗ ವಿಷಯ ಹೈಕೋರ್ಟಿಗೆ ಹೋಯಿತು. ಕೆರೆ ಸಾರ್ವಜನಿಕರ ಆಸ್ತಿ. ಟಿಕೆಟ್ಟು ಬಂದ ದಿನ ಮನೆಗೆಲಸ ಮುಗಿಸಿ ಅರ್ಧ ಗಂಟೆ ಕೂರಲು ಬರುವ ಹೆಂಗಸು ಮೊದಲು ಹೊರಗಾಗುತ್ತಾಳೆ.

ನಮ್ಮ ಮಾತನ್ನು ಯಾರಿಗೆ ಹೇಳಬೇಕು?

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳ ವ್ಯವಸ್ಥೆ ಬಂದಿದೆ. ಕೆರೆ, ಮರ, ರಾಜಕಾಲುವೆ, ಒಳಚರಂಡಿ, ರಸ್ತೆ ಒಂದೊಂದಕ್ಕೂ ಬೇರೆ ಬೇರೆ ವಿಭಾಗ. ಒಳಚರಂಡಿ ನೀರು ಮೋರಿಗೆ ಬರುತ್ತಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಪಾಲಿಕೆಯ ಕೆಲಸಕ್ಕೆ 1533. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದಿಡಿ.

ಸಭೆ ಕರೆದರೆ ಈ ವಿಭಾಗಗಳೆಲ್ಲ ಒಂದೇ ಟೇಬಲ್ಲಿಗೆ ಬರಲಿ ಅಂತ ಮೊದಲೇ ಪತ್ರ ಕೊಡಿ. ಇಲ್ಲದಿದ್ದರೆ "ಅದು ನಮ್ಮದಲ್ಲ" ಅನ್ನುವ ಉತ್ತರ ಕೇಳಿಯೇ ಸಭೆ ಮುಗಿಯುತ್ತದೆ.

ಯೋಜನೆಯ ಕಾಗದಗಳನ್ನು ನೋಡುವುದು ಹೇಗೆ?

ಡಿಪಿಆರ್ (ಯೋಜನೆಯ ವಿವರವಾದ ವರದಿ), ಎಸ್ಟಿಮೇಟ್, ಟೆಂಡರ್ ಈ ಮೂರನ್ನೂ ನೋಡಬೇಕು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. "ಎಲ್ಲ ಮಾಹಿತಿ ಕೊಡಿ" ಅಂತ ಬರೆದರೆ ಏನೂ ಬರುವುದಿಲ್ಲ. ಕಾಮಗಾರಿಯ ಹೆಸರು ಹಾಕಿ ಐಟಂವಾರು ಎಸ್ಟಿಮೇಟಿನ ಪ್ರತಿ ಕೇಳಿ.

ಕೈಗೆ ಬಂದ ಮೇಲೆ ಲೆಕ್ಕ ಹಾಕಿ. ಗ್ರಾನೈಟು, ಕಮಾನು, ರೇಲಿಂಗು, ಬಣ್ಣಕ್ಕೆ ಎಷ್ಟು? ಒಳಹರಿವಿನ ಶುದ್ಧತೆ, ಏರಿ, ಕೋಡಿಗೆ ಎಷ್ಟು? ಮುಂದಿನ ಐದು ವರ್ಷದ ನಿರ್ವಹಣೆಗೆ ಎಷ್ಟು ಇಟ್ಟಿದ್ದಾರೆ? ನಿರ್ವಹಣೆಯ ಸಾಲೇ ಇಲ್ಲದಿದ್ದರೆ ಅಲ್ಲೇ ಆಕ್ಷೇಪಣೆ ಎತ್ತಬೇಕು.

ಬೇಸಿಗೆಯಲ್ಲಿ ನೀರು ಇಳಿದರೆ ಟ್ಯಾಂಕರಿನಿಂದ ತುಂಬಿಸಬಹುದಾ?

ಸುಮ್ನೆ ಒಂದು ಲೆಕ್ಕ ನೋಡಿ. 37 ಎಕರೆ ಅಂದರೆ ಸುಮಾರು 15 ಹೆಕ್ಟೇರ್. ಅಷ್ಟು ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 15 ಲಕ್ಷ ಲೀಟರ್. ಬೇಸಿಗೆಯ ಬಿಸಿಲಿಗೆ ದಿನಕ್ಕೆ ಅರ್ಧ ಸೆಂಟಿಮೀಟರ್ ಆರಿಹೋಗುತ್ತದೆ ಅಂದುಕೊಂಡರೂ ಏಳೂವರೆ ಲಕ್ಷ ಲೀಟರ್. ಟ್ಯಾಂಕರಿನಿಂದ ಆಗುವ ಕೆಲಸ ಅಲ್ಲ. ಬೇಸಿಗೆಯಲ್ಲಿ ಸ್ವಲ್ಪ ಇಳಿಯುವುದು ಕೆರೆಗೆ ಸಹಜವೇ. ಆಗ ಅಂಚಿನ ಕೆಸರಿನಲ್ಲಿ ಹಕ್ಕಿಗಳಿಗೆ ಆಹಾರ ಸಿಗುತ್ತದೆ, ನಮಗೆ ಏರಿಯ ಬುಡ ನೋಡಲು ಅವಕಾಶ ಸಿಗುತ್ತದೆ.

ಹಾಗಾದರೆ ಕೆಲಸ ಯಾವ ತಿಂಗಳಲ್ಲಿ ಮಾಡಬೇಕು? ಪಾರ್ಕು ಮುಚ್ಚುತ್ತಾರಾ?

ಏರಿ, ಮೋರಿ, ಹೂಳಿನ ಕೆಲಸ ಜನವರಿಯಲ್ಲಿ ಶುರುವಾಗಿ ಮೇ ಮೊದಲ ವಾರಕ್ಕೆ ಮುಗಿಯಬೇಕು. ನಮ್ಮೂರಿಗೆ ಮುಂಗಾರು ಮುಂಚಿನ ಮಳೆಯೇ ಜೋರು. ಏರಿ ಅಗೆದಿಟ್ಟ ಹೊತ್ತಿನಲ್ಲಿ ಅದು ಬಂದರೆ ಅನಾಹುತ. ಗೂಡು ಇರುವ ಮರದ ಕೆಳಗೆ ಯಂತ್ರದ ಕೆಲಸ ಮುಂದೂಡಬೇಕು. ಗಿಡ ನೆಡುವುದು ಜೂನ್, ಜುಲೈನಲ್ಲಿ.

ಇಡೀ ಪಾರ್ಕನ್ನು ಒಟ್ಟಿಗೆ ಮುಚ್ಚುವ ಅಗತ್ಯ ಇಲ್ಲ. ಒಂದೊಂದು ಭಾಗ ಮಾಡುತ್ತಾ ಹೋದರೆ ಉಳಿದ ಕಡೆ ಜನ ನಡೆಯಬಹುದು. ಯಾವ ಭಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಮುಚ್ಚಿರುತ್ತದೆ, ಕಂಟ್ರಾಕ್ಟರ್ ಯಾರು, ಮೊತ್ತ ಎಷ್ಟು, ಉಸ್ತುವಾರಿ ಎಂಜಿನಿಯರ್ ಹುದ್ದೆ ಯಾವುದು ಅಂತ ಕನ್ನಡದಲ್ಲಿ ಬರೆದ ಬೋರ್ಡು ಪ್ರತಿ ಗೇಟಿನಲ್ಲೂ ಇರಬೇಕು. ಆ ಬೋರ್ಡು ಹಾಕುವ ಮುಂಚೆ ಕೆಲಸ ಶುರುವಾದರೆ 1533ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.